ಹೊರಗೆ ಮಾಡದೆ ಒಳಗೆ ಬಂದು ಉಚ್ಚೆ ಹೊಯ್ಯುವ ನಾಯಿಮರಿ

ಪ್ರಶ್ನೆ: ನಮ್ಮ ನಾಯಿಮರಿಗೆ ಎರಡೂವರೆ ತಿಂಗಳು. ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿದ್ದೇವೆ. ಕೆಳಗೆ ಇಪ್ಪತ್ತು ನಿಮಿಷ ಸುತ್ತಾಡಿಸಿದರೂ ಏನೂ ಮಾಡುವುದಿಲ್ಲ. ಮನೆಗೆ ಬಂದ ಮರುಗಳಿಗೆಯೇ ಕಾಲೊರಸಿನ ಮೇಲೆ ಉಚ್ಚೆ ಹೊಯ್ಯುತ್ತದೆ. ಬೇಕೆಂದೇ ಮಾಡುತ್ತಿದೆಯೇ?

ಉತ್ತರ: ಇಲ್ಲ. ಹಟ, ಸೇಡು ಎಲ್ಲ ನಾವು ಅದರ ತಲೆಗೆ ಕಟ್ಟುವ ಮಾತು. ಹೊರಗೆ ಅದರ ಪಾಡು ಗಾದೆಯ ನಾಯಿಯದೇ: ಕೆಲಸವಿಲ್ಲ, ಕೂರಲು ಪುರಸೊತ್ತೂ ಇಲ್ಲ. ಸ್ಕೂಟರಿನ ಸದ್ದು, ಹಾರಿ ಬಂದ ಎಲೆ, ಕಾವಲುಗಾರನ ಬೂಟು, ಯಾರದೋ ಅಡುಗೆಮನೆಯ ಮೀನಿನ ವಾಸನೆ, ಇಷ್ಟರ ನಡುವೆ ಉಚ್ಚೆಯ ನೆನಪಾಗುವುದಾದರೂ ಹೇಗೆ? ಮನೆಯೊಳಗೆ ಗದ್ದಲವಿಲ್ಲ. ಆಗ ನೆನಪಾಗುತ್ತದೆ, ಕಾಲಡಿಗೆ ಮೆತ್ತನೆಯ ಕಾಲೊರಸೂ ಸಿಗುತ್ತದೆ.

ಗುಟ್ಟಿರುವುದು ಆ ಮೆತ್ತನೆಯಲ್ಲೇ. ಹುಟ್ಟಿದ ಮೊದಲ ಎರಡು ಮೂರು ವಾರ ಮರಿ ತಾನಾಗಿ ಉಚ್ಚೆ ಹೊಯ್ಯಲಾರದು, ತಾಯಿ ನೆಕ್ಕಿ ಮಾಡಿಸುತ್ತದೆ. ಕಾಲು ಬಲಿತ ಮೇಲೆ ಮಲಗುವ ಜಾಗ ಬಿಟ್ಟು ಆಚೆ ಹೋಗಿ ಮಾಡತೊಡಗುತ್ತದೆ. ಎಂಟು ಒಂಬತ್ತು ವಾರದ ಹೊತ್ತಿಗೆ ಪಾದಕ್ಕೆ ಯಾವ ನೆಲ ರೂಢಿಯಾಯಿತೋ ಅದೇ ಅದರ ಕಕ್ಕಸು. ಒಳಗೆ, ಹೊರಗೆ ಎನ್ನುವುದು ನಮ್ಮ ಲೆಕ್ಕ. ನಮ್ಮ ಕೆಂಚ ಗೋಣಿಚೀಲದ ಮೇಲೆ ಬೆಳೆದ ಬೀದಿಮರಿ. ಕೆಂಪು ಗಾರೆಯ ನೆಲವನ್ನು ಒಮ್ಮೆಯೂ ಕೆಡಿಸಲಿಲ್ಲ, ಆದರೆ ಮೊದಲ ವಾರವೇ ಮನೆಯ ಮೂರು ಕಾಲೊರಸುಗಳೂ ಬಟ್ಟೆಯ ತಂತಿಗೆ ಏರಿದವು. ಅವನ್ನೆಲ್ಲ ಅಟ್ಟಕ್ಕೆ ಹಾಕಿದ ಮೇಲೆ ಅರ್ಧ ಗೋಳು ಕಳೆಯಿತು. ನೀವೂ ಇಂದೇ ತೆಗೆದುಬಿಡಿ.

ಫಿನಾಯಿಲ್ ಹಾಕಿ ಒರೆಸಿದರೆ ವಾಸನೆ ಹೋಗುವುದು ನಮ್ಮ ಮೂಗಿಗೆ ಮಾತ್ರ. ಮೊದಲು ಬಟ್ಟೆಯಿಂದ ಹೀರಿಸಿ, ಆಮೇಲೆ ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ ಒರೆಸಿ. ಅಮೃತಶಿಲೆಯ ನೆಲವಾದರೆ ವಿನೆಗರ್ ಬೇಡ, ಮೆರುಗು ಹೋಗುತ್ತದೆ. ಅದರ ಬದಲು ಉಚ್ಚೆಯ ವಾಸನೆಯನ್ನು ಬುಡದಲ್ಲೇ ಕರಗಿಸುವ ಕಿಣ್ವ (ಎನ್‌ಜೈಮ್) ಇರುವ ದ್ರಾವಣ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ.

ಇನ್ನೊಂದು ಮಾತು. ಮರಿಗಳ ಲಸಿಕೆಗಳ ಸರಣಿ ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ ಅವಕ್ಕೆ 16 ವಾರವಾದರೂ ತುಂಬಿರುತ್ತದೆ. ಮರಿಗಳಿಗೆ ವಾಂತಿಭೇದಿ ತಂದು ಜೀವಕ್ಕೇ ಕುತ್ತಾಗುವ ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆ ಮುಗಿಯುವವರೆಗೆ ಬೀದಿನಾಯಿಗಳು ಓಡಾಡುವ ನೆಲಕ್ಕೆ ಮರಿಯನ್ನು ಇಳಿಸಬೇಡಿ. ಬಾಲ್ಕನಿಯಲ್ಲಿ ಅಗಲವಾದ ತಟ್ಟೆಗೆ ನರ್ಸರಿಯಿಂದ ತಂದ ಹುಲ್ಲುಹಾಸು ಹಾಕಿಡಿ. ಹಳೆಯ ಪತ್ರಿಕೆಗಿಂತ ಅದೇ ಮೇಲು. ಪತ್ರಿಕೆ ರೂಢಿಯಾದರೆ ಮುಂದೆ ನೀವು ಓದಿ ಕೆಳಗಿಟ್ಟ ಪುರವಣಿಗೂ ಉಳಿಗಾಲವಿಲ್ಲ.

ಈ ವಯಸ್ಸಿನ ಮರಿ ಹಗಲಲ್ಲಿ ತಡೆದುಕೊಳ್ಳುವುದು ಹೆಚ್ಚೆಂದರೆ ಮೂರು ಗಂಟೆ, ಅದೂ ಸುಮ್ಮನೆ ಮಲಗಿದ್ದರೆ. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಕಾಲು ಗಂಟೆಯೊಳಗೆ, ಆಟದ ಭರದ ನಡುವೆ ಒಮ್ಮೆ ತಟ್ಟೆಯ ಬಳಿ ಒಯ್ಯಿರಿ. ನೆಲ ಮೂಸುತ್ತ ಗಿರಕಿ ಹೊಡೆಯತೊಡಗಿತೋ, ಎತ್ತಿಕೊಂಡು ಓಡಿ. ರಾತ್ರಿಯೂ ಒಮ್ಮೆ ಏಳಬೇಕು, ಬೇರೆ ದಾರಿಯಿಲ್ಲ.

ಬಾಲ್ಕನಿಯಲ್ಲಾಗಲಿ, ಮುಂದೆ ಕೆಳಗಿನ ಅಂಗಳದಲ್ಲಾಗಲಿ, ಮೊದಲೇ ಸುತ್ತಾಡಿಸಬೇಡಿ. ದಿನವೂ ಒಂದೇ ಮೂಲೆ, ಹಗ್ಗ ಗಿಡ್ಡ, ನೀವು ಕಂಬದಂತೆ ನಿಂತಿರಿ. ಐದು ನಿಮಿಷದಲ್ಲಿ ಅದಕ್ಕೇ ಬೇಸರ ಬಂದು ನೆಲ ಮೂಸುತ್ತದೆ. ಮಾಡಿ ಮುಗಿಸಿದ ಆ ಗಳಿಗೆಯಲ್ಲೇ ಬೇಯಿಸಿದ ಕೋಳಿಯ ಚೂರೊಂದು ಬಾಯಿಗೆ ಬೀಳಬೇಕು. ಲಿಫ್ಟಿನಲ್ಲಿ ಕೊಟ್ಟರೆ, ಲಿಫ್ಟ್ ಹತ್ತಿದ್ದಕ್ಕೆ ಸಿಕ್ಕಿತು ಎಂದುಕೊಳ್ಳುತ್ತದೆ. ಆಮೇಲೆ ಆಟ, ತಿರುಗಾಟ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಉಚ್ಚೆಯಾದ ತಕ್ಷಣ "ಸರಿ, ನಡಿ" ಎಂದು ಎಳೆದುಕೊಂಡು ಬರುತ್ತಾರೆ. ಉಚ್ಚೆ ಹೊಯ್ದರೆ ತಿರುಗಾಟ ಬಂದ್ ಎಂದು ಮರಿ ಕಲಿಯಲು ನಾಲ್ಕು ದಿನ ಸಾಕು. ನಿಮ್ಮಲ್ಲೂ ಹೀಗೇ ಆಗಿರಬೇಕೆಂದು ನನ್ನ ಗುಮಾನಿ. ಮಾಡದೆ ಒಳಗೆ ಬಂದರೆ ನೆಲಕ್ಕೆ ಬಿಡಲೇಬೇಡಿ. ಮಡಿಲಲ್ಲಿ ಕೂರಿಸಿಕೊಂಡು ಹತ್ತು ನಿಮಿಷ ಬಿಟ್ಟು ಮತ್ತೆ ಹೋಗಿ.

ಮಾಡಿದ ಜಾಗಕ್ಕೆ ಮೂತಿ ಉಜ್ಜುವುದು, ಚಪ್ಪಲಿ ತೋರಿಸುವುದು ಬೇಡವೇ ಬೇಡ. ಹಾಗೆ ಮಾಡಿದರೆ ನಿಮ್ಮೆದುರು ಉಚ್ಚೆ ಹೊಯ್ಯುವುದೇ ಅಪಾಯ ಎಂದು ಅದು ತಿಳಿಯುತ್ತದೆ. ಹೊರಗೆ ನೀವು ಪಕ್ಕದಲ್ಲೇ ಇರುತ್ತೀರಿ, ಹಾಗಾಗಿ ತಡೆದುಕೊಳ್ಳುತ್ತದೆ. ಒಳಗೆ ಸೋಫಾದ ಹಿಂದೆ ನಿಮ್ಮ ಕಾಟವಿಲ್ಲ.

ಗಳಿಗೆಗೊಮ್ಮೆ ಹನಿ ಹನಿ ಬೀಳುತ್ತಿದ್ದರೆ, ರಕ್ತ ಕಂಡರೆ, ಅಥವಾ ಕಲಿತ ಮರಿ ಇದ್ದಕ್ಕಿದ್ದಂತೆ ಕೆಡಿಸತೊಡಗಿದರೆ ಅದು ರೂಢಿಯ ಮಾತಲ್ಲ, ಪಶುವೈದ್ಯರಿಗೆ ತೋರಿಸಿ.

ಕೆಂಚನಿಗೆ ಐದು ತಿಂಗಳಾದಾಗ ಅಟ್ಟದಿಂದ ಒಂದು ಕಾಲೊರಸು ಇಳಿಸಿ ಬಾಗಿಲಲ್ಲಿ ಹಾಸಿದೆವು. ಎರಡು ಸುತ್ತು ಮೂಸಿದ. ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು. ಮುದುಡಿಕೊಂಡು ಅದರ ಮೇಲೇ ಮಲಗಿಬಿಟ್ಟ.