ಸೋಲಾರ್‌ನ ಹಳೆ ವಾಲ್ವ್ ಕಚ್ಚಿಕೊಂಡಿದೆ, ಟ್ಯಾಂಕ್ ಖಾಲಿ ಮಾಡದೆ ಬದಲಿಸಬಹುದಾ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ತಾರಸಿ ಮೇಲಿರುವ ಸೋಲಾರ್ ವಾಟರ್ ಹೀಟರ್‌ನ ಹಿತ್ತಾಳೆ ಗೇಟ್ ವಾಲ್ವ್ ತಿರುಗುತ್ತಿಲ್ಲ. ಸ್ಪಿಂಡಲ್ (ಹಿಡಿಕೆ ಕೂತಿರುವ ಕಡ್ಡಿ) ಹತ್ತಿರ ನೀರೂ ಜಿನುಗುತ್ತೆ. ಟ್ಯಾಂಕ್ ಖಾಲಿ ಮಾಡದೆ ಬದಲಿಸಬಹುದಾ?

ಉತ್ತರ: ಅದು ಯಾವ ಕಡೆಯ ವಾಲ್ವ್ ಅಂತ ಮೊದಲು ನೋಡಿ. ಬಿಸಿನೀರಿನ ಕಡೆಯದಾದರೆ ಖಾಲಿ ಮಾಡಬೇಕಿಲ್ಲ. ತಣ್ಣೀರಿನ ಕಡೆಯದಾದರೆ ಮಾಡಲೇಬೇಕು.

ಸಾಮಾನ್ಯವಾಗಿ ಮನೆಗಳ ಸೋಲಾರ್‌ನಲ್ಲಿ ತಣ್ಣೀರು ಟ್ಯಾಂಕ್‌ನ ತಳಕ್ಕೆ ಬರುತ್ತೆ, ಬಿಸಿನೀರು ಮೇಲಿನಿಂದ ಹೊರಡುತ್ತೆ. ಹಾಗಾಗಿ ತಣ್ಣೀರಿನ ವಾಲ್ವ್ ಮುಚ್ಚಿ ಬಚ್ಚಲುಮನೆಯ ಬಿಸಿನೀರಿನ ನಲ್ಲಿ ಬಿಟ್ಟರೆ, ಸ್ವಲ್ಪ ಹೊತ್ತಿಗೆ ನೀರು ತಾನಾಗಿ ನಿಲ್ಲುತ್ತೆ. ಟ್ಯಾಂಕ್ ಹೆಚ್ಚುಕಮ್ಮಿ ತುಂಬಿಯೇ ಇರುತ್ತೆ. ಆಗ ಬಿಸಿನೀರಿನ ವಾಲ್ವ್ ಆರಾಮಾಗಿ ಬಿಚ್ಚಬಹುದು.

ತಣ್ಣೀರಿನ ವಾಲ್ವೇ ಕೆಟ್ಟಿದ್ದರೆ ಹುಷಾರು. ಓವರ್‌ಹೆಡ್ ಟ್ಯಾಂಕ್‌ನಿಂದ ಬರುವ ನೀರು ನಿಲ್ಲಿಸಿದ್ದೀನಲ್ಲ ಅಂತ ಬಿಚ್ಚಿದರೆ, ಸೋಲಾರ್ ಟ್ಯಾಂಕ್‌ನ ನೀರೆಲ್ಲ ವಾಪಸ್ ಅಲ್ಲಿಂದಲೇ ನುಗ್ಗುತ್ತೆ. ಬಿಸಿಲಿನ ದಿನ ಆ ನೀರು ಕೈ ಸುಡುವಷ್ಟು ಕಾದಿರುತ್ತೆ. ಬೆಳಿಗ್ಗೆ ಎಲ್ಲರದ್ದೂ ಸ್ನಾನ ಮುಗಿದ ಮೇಲೆ ಈ ಕೆಲಸ ಹಿಡಿಯಿರಿ, ಆಗ ಟ್ಯಾಂಕ್‌ನಲ್ಲಿ ಬಿಸಿ ಕಮ್ಮಿ. ಗಾಜಿನ ಟ್ಯೂಬ್‌ಗಳ ಮೇಲೆ ಬಿಸಿಲು ಬೀಳುವ ಮೊದಲೇ ಟಾರ್ಪಾಲ್ ಹೊದಿಸಿ. ಖಾಲಿ ಟ್ಯೂಬ್ ಬಿಸಿಲಿಗೆ ವಿಪರೀತ ಕಾಯುತ್ತೆ. ಅದಕ್ಕೆ ತಟ್ಟನೆ ತಣ್ಣೀರು ಬಿಟ್ಟರೆ ಒಡೆದೇ ಹೋಗಬಹುದು.

ಜಿನುಗುವುದಷ್ಟೇ ತೊಂದರೆಯಾಗಿದ್ದರೆ ಸ್ಪಿಂಡಲ್ ಬುಡದ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದರೂ ನಿಲ್ಲಬಹುದು. ಆದರೆ ನಿಮ್ಮದು ಕಚ್ಚಿಕೊಂಡಿದೆ. ಬೋರ್ ನೀರು ಕಾದಾಗ ಸುಣ್ಣದಂಥ ಪದರ ಕಟ್ಟುತ್ತೆ, ವಾಲ್ವ್ ಒಳಗೆ ನೀರು ತಡೆಯುವ ಗೇಟು ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಬಲವಂತವಾಗಿ ತಿರುಗಿಸಬೇಡಿ, ಸ್ಪಿಂಡಲ್ ಮುರಿಯುತ್ತೆ.

ಅದರ ಜಾಗಕ್ಕೆ ಹಿತ್ತಾಳೆ ಬಾಲ್ ವಾಲ್ವ್ ಹಾಕಿಸಿ ಅನ್ನೋದು ನನ್ನ ಸಲಹೆ. ಕಾಲು ಸುತ್ತಿಗೆ ಪೂರ್ತಿ ತೆರೆಯುತ್ತೆ, ಪೂರ್ತಿ ಮುಚ್ಚುತ್ತೆ. ತಿಂಗಳಿಗೊಮ್ಮೆ ಸುಮ್ನೆ ತಿರುಗಿಸುತ್ತಿದ್ದರೆ ಕಚ್ಚಿಕೊಳ್ಳುವುದು ಕಮ್ಮಿ. ಪಕ್ಕದಲ್ಲೊಂದು ಯೂನಿಯನ್, ಅಂದರೆ ಬಿಚ್ಚಿ ಜೋಡಿಸಬಹುದಾದ ಜಾಯಿಂಟ್, ಇರಲಿ. ಮುಂದೆ ಯಾವತ್ತಾದರೂ ಬಿಚ್ಚುವಾಗ ಪೈಪ್ ಕತ್ತರಿಸಬೇಕಾಗಲ್ಲ. ಅಗ್ಗ ಅಂತ ಬಿಸಿನೀರಿನ ಲೈನ್‌ಗೆ ಮಾಮೂಲಿ ಪಿವಿಸಿ ವಾಲ್ವ್ ಹಾಕಿಸಬೇಡಿ, ಶಾಖಕ್ಕೆ ಸೊಟ್ಟಗಾಗುತ್ತೆ. ಶಾಖ ತಡೆಯುವ ಪ್ಲಾಸ್ಟಿಕ್ಕಾದ ಸಿಪಿವಿಸಿ ಆದರೆ 93 ಡಿಗ್ರಿ ಸೆಲ್ಸಿಯಸ್‌ವರೆಗೂ ತಡೆಯುತ್ತೆ.

ಬಿಚ್ಚುವಾಗ ಎರಡು ರೆಂಚ್ ಬೇಕು. ಒಂದು ಪೈಪನ್ನು ಅಲುಗದಂತೆ ಹಿಡಿಯಲು, ಇನ್ನೊಂದು ವಾಲ್ವ್ ತಿರುಗಿಸಲು. ಒಂದರಲ್ಲೇ ಎಳೆದಾಡಿದರೆ ಟ್ಯಾಂಕ್‌ಗೆ ಬೆಸುಗೆ ಹಾಕಿದ ನಿಪ್ಪಲ್ (ಗಿಡ್ಡ ಪೈಪ್ ತುಂಡು) ಸೀಳಬಹುದು, ಆಗ ವಾಲ್ವ್‌ಗಿಂತ ಎಷ್ಟೋ ಪಟ್ಟು ಖರ್ಚು. ಹೊಸ ವಾಲ್ವ್ ಕೂರಿಸುವಾಗ ಟೆಫ್ಲಾನ್ ಟೇಪನ್ನು ಬಿಗಿಯಾಗುವ ದಿಕ್ಕಿಗೇ ಸುತ್ತಿ.

ಇನ್ನೊಂದು ಮಾತು. ಟ್ಯಾಂಕ್ ಮೇಲೆ ನೆಟ್ಟಗೆ ನಿಂತ ಏರ್ ವೆಂಟ್ ಪೈಪ್‌ಗೆ ಯಾರು ಹೇಳಿದರೂ ವಾಲ್ವ್ ಹಾಕಿಸಬೇಡಿ. ಗಾಳಿ ಒಳಗೆ ಬರದೆ ನೀರು ಖಾಲಿಯಾದರೆ ಟ್ಯಾಂಕ್ ಒಳಕ್ಕೆ ಸೊಟ್ಟಗಾಗುತ್ತೆ.

ನೀರು ತುಂಬುವಾಗ ಬಿಸಿನೀರಿನ ನಲ್ಲಿ ತೆರೆದಿಡಿ, ಗಾಳಿಯೆಲ್ಲ ಹೋಗಿ ಧಾರೆ ಒಂದೇ ಸಮ ಬರಲಿ. ಮಾರನೇ ದಿನ ಮಧ್ಯಾಹ್ನ, ಪೈಪ್ ಚೆನ್ನಾಗಿ ಕಾದಾಗ, ಜಾಯಿಂಟ್‌ಗಳನ್ನು ಇನ್ನೊಮ್ಮೆ ನೋಡಿ. ತಣ್ಣಗಿದ್ದಾಗ ಕಾಣದ ಹನಿ ಆಗ ಕಾಣುತ್ತೆ.