ಸೆಂಟ್ರಿಯೋಲ್‌ಗೆ ಒಂದೇ ಮರಿ ಯಾಕೆ?

ಪ್ರಶ್ನೆ: ಜೀವಕೋಶದೊಳಗೆ ಸೆಂಟ್ರಿಯೋಲ್ ಎಂಬ ಪುಟ್ಟ ಕೊಳವೆಗಳಿರುತ್ತವೆ, ಕೋಶ ಎರಡಾಗುವಾಗ ಕ್ರೋಮೋಸೋಮ್‌ಗಳನ್ನು ಎಳೆಯುವ ತುದಿಗಳನ್ನು ಕಟ್ಟಲು ನೆರವಾಗುತ್ತವೆ. ಕೋಶ ಎರಡಾಗುವ ಮುಂಚೆ ಪ್ರತಿ ಸೆಂಟ್ರಿಯೋಲ್ ಪಕ್ಕ ಒಂದೇ ಒಂದು ಹೊಸ ಸೆಂಟ್ರಿಯೋಲ್ ಹುಟ್ಟುತ್ತದೆ ಅಂತ ಓದಿದೆ. ಎರಡು, ಮೂರು ಯಾಕೆ ಹುಟ್ಟುವುದಿಲ್ಲ? ಲೆಕ್ಕ ಇಡುವವರು ಯಾರು?

ಉತ್ತರ: ಬೇರೆ ಯಾರೂ ಲೆಕ್ಕ ಇಡುವುದಿಲ್ಲ. ಕೆಲಸ ಶುರು ಮಾಡುವ ಪ್ರೋಟೀನೇ ತನ್ನನ್ನು ಅಳಿಸಿಕೊಳ್ಳುತ್ತದೆ. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಅದರ ಹೆಸರು ಪಿಎಲ್‌ಕೆ4. ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಎಂಬ ಚಿಕ್ಕ ರಾಸಾಯನಿಕ ತುಣುಕು ಅಂಟಿಸುವುದು ಇದರ ಕಸುಬು. ಸೆಂಟ್ರಿಯೋಲ್ ಹುಟ್ಟಬೇಕಾದರೆ ಇದು ಬೇಕೇ ಬೇಕು ಎಂದು 2005ರಲ್ಲಿ ಗೊತ್ತಾಯಿತು. ಮೊದಲು ಇದು ತಾಯಿ ಸೆಂಟ್ರಿಯೋಲ್ ಸುತ್ತ ಬಳೆಯ ಹಾಗೆ ಕೂರುತ್ತದೆ. ಆದರೆ ಪಿಎಲ್‌ಕೆ4 ಅಣುಗಳು ಪರಸ್ಪರ ಫಾಸ್ಫೇಟ್ ಅಂಟಿಸಿಕೊಳ್ಳುತ್ತವೆ. ಆ ಗುರುತು ಕಂಡರೆ ಕೋಶ ಅವನ್ನು ಒಡೆದು ಹಾಕುತ್ತದೆ. ಪಿಎಲ್‌ಕೆ4 ಜಾಸ್ತಿಯಾದಷ್ಟೂ ಬೇಗ ನಾಶ! ಕೊನೆಗೆ ಬಳೆ ಹೋಗಿ ಒಂದು ಚುಕ್ಕೆ ಉಳಿಯುತ್ತದೆ.

ಹೊಸದು ಹುಟ್ಟುವುದು ಆ ಚುಕ್ಕೆಯಲ್ಲಿ. ಅಲ್ಲಿಗೆ ಸ್ಟಿಲ್ ಎಂಬ ಪ್ರೋಟೀನ್ ಬಂದು ಸಾಸ್-6 ಎಂಬ ಇನ್ನೊಂದು ಪ್ರೋಟೀನನ್ನು ಕರೆತರುತ್ತದೆ. ಸಾಸ್-6 ಜೋಡಿಗಳು ಸೇರಿ ಒಂಬತ್ತು ಕಡ್ಡಿಯ ಗಾಡಿ ಚಕ್ರದಂಥ ಅಚ್ಚು ಕಟ್ಟುತ್ತವೆ. ಸೆಂಟ್ರಿಯೋಲ್ ಗೋಡೆಯಲ್ಲಿ ಸೂಕ್ಷ್ಮ ನಳಿಕೆಗಳ ಒಂಬತ್ತು ಕಟ್ಟುಗಳಿರುತ್ತವೆ, ಆ ಒಂಬತ್ತರ ಮೂಲ ಇಲ್ಲಿದೆ. ಪ್ರಯೋಗಾಲಯದಲ್ಲಿ ಪಿಎಲ್‌ಕೆ4 ವಿಪರೀತ ಹೆಚ್ಚಿಸಿದರೆ ತಾಯಿಯ ಸುತ್ತ ಹೂವಿನ ಎಸಳುಗಳ ಹಾಗೆ ಹಲವು ಮರಿಗಳು ಹುಟ್ಟುತ್ತವೆ.

ಇನ್ನೊಂದು ಬೀಗವೂ ಇದೆ. ಮರಿ ತಾಯಿಗೆ ಅಂಟಿಕೊಂಡಿರುವವರೆಗೂ ತಾಯಿ ಮತ್ತೊಂದನ್ನು ಹುಟ್ಟಿಸುವುದಿಲ್ಲ. ವಿಭಜನೆ ಮುಗಿಯುವ ಹೊತ್ತಿಗೆ ಪಿಎಲ್‌ಕೆ1 ಮತ್ತು ಸೆಪರೇಸ್ ಎಂಬ ಪ್ರೋಟೀನ್‌ಗಳು ಸೇರಿ ಅವೆರಡನ್ನು ಬಿಡಿಸುತ್ತವೆ. ಅವಳಿ ಕ್ರೋಮೋಸೋಮ್‌ಗಳ ನಡುವಿನ ಬಂಧ ಕತ್ತರಿಸುವುದೂ ಇದೇ ಸೆಪರೇಸ್. ಹಾಗಾಗಿ ಎರಡು ಕೆಲಸಗಳೂ ಒಂದೇ ಗಡಿಯಾರಕ್ಕೆ ನಡೆಯುತ್ತವೆ.

ಲೆಕ್ಕ ತಪ್ಪಿದರೆ? ಸೆಂಟ್ರಿಯೋಲ್ ಹೆಚ್ಚಾದರೆ ಕ್ರೋಮೋಸೋಮ್‌ಗಳನ್ನು ಎಳೆಯುವ ತುದಿಗಳು ಎರಡರ ಬದಲು ಮೂರು, ನಾಲ್ಕು ಆಗಬಹುದು. ಆಗ ಕ್ರೋಮೋಸೋಮ್ ಹಂಚಿಕೆ ಕೆಡುತ್ತದೆ. ಕ್ಯಾನ್ಸರ್ ಕೋಶಗಳಲ್ಲಿ ಇದು ಆಗಾಗ ಕಾಣುತ್ತದೆ. ಇನ್ನೊಂದು ತೊಂದರೆಯ ಸುಳಿವು ನಮ್ಮ ಬೆಂಗಳೂರಿನಲ್ಲೇ ಸಿಕ್ಕಿತು. ಕೆಲವು ಮಕ್ಕಳ ತಲೆ, ಮಿದುಳು ತುಂಬಾ ಚಿಕ್ಕದಾಗಿ ಹುಟ್ಟುತ್ತವೆ. ಅಂಥ ಭಾರತೀಯ ಕುಟುಂಬಗಳನ್ನು ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ನಿಮ್ಹಾನ್ಸ್ ಸಂಶೋಧಕರು ಪರೀಕ್ಷಿಸಿದರು. ಕೆಲವು ಕುಟುಂಬಗಳಲ್ಲಿ ದೋಷವಿದ್ದದ್ದು ಆ ಸ್ಟಿಲ್ ಪ್ರೋಟೀನ್‌ನ ಜೀನ್‌ನಲ್ಲಿ ಎಂದು 2009ರಲ್ಲಿ ಪ್ರಕಟಿಸಿದರು.