ಹೆಸರು ಅಳಿಸಿದ್ದೇವೆ ಸರ್, ಇನ್ನೇನು?

ಸಂಶೋಧನೆಯಲ್ಲಿ ರೋಗಿಗಳಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಯಲ್ಲಿ ಕೂತಾಗಲೆಲ್ಲ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮೆಡಿಕಲ್ ಪಿಜಿ ಹುಡುಗರು ಎಕ್ಸೆಲ್ ಶೀಟಿನಿಂದ ರೋಗಿಗಳ ಹೆಸರಿನ ಕಾಲಂ ಕಿತ್ತುಹಾಕುತ್ತಾರೆ, ಅಲ್ಲಿಗೆ ಗೌಪ್ಯತೆಯ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಒಪ್ಪಿಗೆ ಪತ್ರದ ವಿಷಯದಲ್ಲಿ ಈಗ ಪರವಾಗಿಲ್ಲ, ಎಲ್ಲರಿಗೂ ಅಭ್ಯಾಸವಾಗಿದೆ. ಇದೊಂದು ಮಾತ್ರ ತಲೆಗೆ ಹೋಗುತ್ತಿಲ್ಲ.

ಮೊನ್ನೆ ಕ್ಷಯದ ಬಗ್ಗೆ ಒಂದು ಥೀಸಿಸ್ ಬಂತು. ಕೆಲಸ ಚೆನ್ನಾಗಿಯೇ ಇತ್ತು. ಕೊನೆಯ ಟೇಬಲ್ಲಿನಲ್ಲಿ ಒಂದು ಸಾಲು: ಹೆಣ್ಣು, 34 ವರ್ಷ, ಅಂಗನವಾಡಿ ಕಾರ್ಯಕರ್ತೆ, ಪಕ್ಕದಲ್ಲಿ ಊರಿನ ಹೆಸರು. ಆ ಊರಿಗೆ ಇರುವುದೇ ಒಂದು ಅಂಗನವಾಡಿ. ಇನ್ನು ಹೆಸರು ಬರೆದರೇನು, ಬಿಟ್ಟರೇನು? ಚಿಕಿತ್ಸೆ ಸರಿಯಾಗಿ ನಡೆದರೆ ಸಾಮಾನ್ಯವಾಗಿ ಸೋಂಕು ಹರಡುವುದು ಬೇಗ ಕಡಿಮೆಯಾಗುತ್ತದೆ, ಅದು ನಮಗೆ ಗೊತ್ತು. ಆದರೆ ಆಕೆ ಬಡಿಸುವ ಊಟಕ್ಕೆ ಮಕ್ಕಳನ್ನು ಕಳಿಸಬೇಡಿ ಅಂತ ನಾಳೆ ಊರಲ್ಲಿ ಗುಸುಗುಸು ಶುರುವಾದರೆ ಅದನ್ನು ನಿಲ್ಲಿಸಲು ನಮ್ಮ ಹುಡುಗ ಹೋಗುತ್ತಾನಾ?

ಇದು ಹಳ್ಳಿಗೆ ಮಾತ್ರ ಅಂಟಿದ ತೊಂದರೆಯೂ ಅಲ್ಲ. ಲತಾನ್ಯಾ ಸ್ವೀನಿ ಅನ್ನುವ ಸಂಶೋಧಕಿ ಅಮೆರಿಕದ 1990ರ ಜನಗಣತಿ ಇಟ್ಟುಕೊಂಡು ಲೆಕ್ಕ ಹಾಕಿದರು. ಹುಟ್ಟಿದ ದಿನಾಂಕ, ಲಿಂಗ, ಐದಂಕಿಯ ಅಂಚೆ ಕೋಡ್, ಈ ಮೂರೇ ಸಾಕು, ಅಲ್ಲಿನ ಸುಮಾರು 87% ಜನರನ್ನು ಒಬ್ಬೊಬ್ಬರನ್ನಾಗಿ ಗುರುತಿಸಬಹುದು ಅಂತ ಬಂತು. 'ಹೆಸರಿಲ್ಲದ' ಆಸ್ಪತ್ರೆ ದಾಖಲೆಗಳಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಅವರ ದಾಖಲೆಯನ್ನೇ ಹುಡುಕಿ ತೆಗೆದವರು ಆಕೆ. ನಮ್ಮಲ್ಲೂ ಆಯಿತಲ್ಲ, 2020ರ ಮಾರ್ಚಿನಲ್ಲಿ ಹೋಂ ಕ್ವಾರಂಟೈನ್ ಆದವರ ಮನೆ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಿತು. ಮನೆ ನಂಬರೇ ಕೊಟ್ಟ ಮೇಲೆ ಹೆಸರು ಯಾರಿಗೆ ಬೇಕು!

ನನಗೆ ಜಾಸ್ತಿ ಸಿಟ್ಟು ತರಿಸುವುದು ನಕ್ಷೆಗಳು. ಮಂಗನ ಕಾಯಿಲೆಯನ್ನೇ ತಗೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಉಣುಗು ಕಚ್ಚಿ ಬರುವುದು, ಇದೆಲ್ಲ ನಿಮಗೆ ಗೊತ್ತು. ಮಲೆನಾಡಿನಲ್ಲಿ ಎಷ್ಟೋ ಕಡೆ ತೋಟಕ್ಕೊಂದು ಒಂಟಿ ಮನೆ. ಜಿಪಿಎಸ್ ಹಿಡಿದು ನಕ್ಷೆಯಲ್ಲಿ ಒಂದು ಕೆಂಪು ಚುಕ್ಕೆ ಇಟ್ಟರೆ ಅದು ರೋಗಿಯ ಅಂಗಳಕ್ಕೇ ಬೀಳುತ್ತದೆ. ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಂಚುವ, ಜ್ವರ ವಿಚಾರಿಸುವ ಆರೋಗ್ಯ ಸಿಬ್ಬಂದಿಗೆ ಆ ಚುಕ್ಕೆ ಬೇಕೇ ಬೇಕು. ಜರ್ನಲ್ ಓದುವವರಿಗೆ ಯಾಕೆ?

'ವಿವರ ತೆಗೆದರೆ ಪೇಪರ್ ವೀಕ್ ಆಗುತ್ತೆ ಸರ್' ಅನ್ನುತ್ತಾರೆ. ಅಯ್ಯಾ, ವಿಶ್ಲೇಷಣೆ ಮಾಡುವಾಗ ನಿಖರ ಮಾಹಿತಿಯನ್ನೇ ಬಳಸು, ಬೀಗ ಹಾಕಿ ಇಟ್ಟುಕೋ, ಯಾರು ಬೇಡ ಅಂದರು? ಪ್ರಕಟಿಸುವಾಗ 34 ಅನ್ನುವ ಬದಲು 30ರಿಂದ 39 ಅಂತ ಹಾಕು, ಊರಿನ ಬದಲು ತಾಲ್ಲೂಕು ಬರೆ. ಒಂದು ಗುಂಪಿನಲ್ಲಿ ಐದಕ್ಕಿಂತ ಕಡಿಮೆ ಜನ ಇದ್ದರೆ ಪಕ್ಕದ ಗುಂಪಿಗೆ ಸೇರಿಸುವುದು ಹಲವು ಕಡೆ ರೂಢಿ. ಎಲ್ಲ ಅಧ್ಯಯನಕ್ಕೂ ಇದೇ ಅಳತೆ ಅಂತ ನಾನು ಹೇಳಲಾರೆ. ಅಪರೂಪದ ಕಾಯಿಲೆ ಆದರೆ ತಾಲ್ಲೂಕು ಕೂಡ ಚಿಕ್ಕದೇ ಆಗಬಹುದು. ಎಚ್‌ಐವಿ ಆದರಂತೂ ಗೌಪ್ಯತೆ ಕಾಪಾಡಬೇಕು ಅನ್ನುವ 2017ರ ಕಾಯ್ದೆಯೇ ಇದೆ, ಅಲ್ಲಿ ಇನ್ನೂ ಹುಷಾರಾಗಿರಬೇಕು.

ಅನುಮಾನ ಬಂದರೆ ನಾನು ಹೇಳಿಕೊಡುವುದು ಇಷ್ಟೇ: ಆ ಊರಿನ ಆಶಾ ಕಾರ್ಯಕರ್ತೆ ಈ ಟೇಬಲ್ ನೋಡಿ 'ಅಯ್ಯೋ, ಇದು ನಮ್ಮ ಇಂಥವರಲ್ವಾ' ಅನ್ನಬಹುದಾ ಅಂತ ಊಹಿಸಿಕೊಳ್ಳಿ. ಸುಮ್ನೆ ಊಹಿಸಿಕೊಂಡರೆ ಸಾಕು. ಒಬ್ಬ ಪುಣ್ಯಾತ್ಮ ಪ್ರಿಂಟ್ ತೆಗೆದುಕೊಂಡು ಆಶಾ ಮೇಡಂ ಹತ್ತಿರವೇ ಹೊರಟಿದ್ದ, ಬಾಗಿಲಲ್ಲೇ ಹಿಡಿದು ನಿಲ್ಲಿಸಬೇಕಾಯಿತು.